ಹಳೆಯ ಬಂಡಿಯ ಪರೀಕ್ಷೆ

ಹೊಸ ವಸ್ತುವನ್ನು ಕೊಳ್ಳುವವನಿಗೆ ಹಣವಿದ್ದರೆ ಸಾಕು. ಹಳೆಯದನ್ನು ಕೊಳ್ಳುವವನಿಗೆ ಹಣದ ಜೊತೆಗೆ ವಿವೇಕವೂ ಬೇಕು. ಈ ಮಾತು ಮನೆಗೂ ಸಲ್ಲುತ್ತದೆ, ಹಸುವಿಗೂ ಸಲ್ಲುತ್ತದೆ; ಮೋಟಾರು ಸೈಕಲ್ಲಿಗಂತೂ ವಿಶೇಷವಾಗಿ ಸಲ್ಲುತ್ತದೆಂಬುದನ್ನು ನಾನು ಒಂದು ಸಲ ನಷ್ಟದಿಂದಲೂ, ಈಚೆಗೆ ಮತ್ತೊಂದು ಸಲ ಲಾಭದಿಂದಲೂ ಕಲಿತೆನು. ಎರಡನೆಯದನ್ನು ಹೇಳಹೊರಟರೆ ಮೊದಲನೆಯದನ್ನೂ ಹೇಳದೆ ವಿಧಿಯಿಲ್ಲ.

ಕಳೆದ ಶ್ರಾವಣದಲ್ಲಿ ಒಂದು ಸಾಯಂಕಾಲ ನಮ್ಮ ಮಗನು ಕೆಲಸದಿಂದ ಹಿಂದಿರುಗಿ, ಕೈಕಾಲು ತೊಳೆದು, ಕಾಫಿಯ ಲೋಟವನ್ನು ಕೈಗೆ ತೆಗೆದುಕೊಂಡು, “ಅಪ್ಪ, ಒಂದು ಡರ್ಟ್ ಬೈಕನ್ನು ಕೊಳ್ಳಬೇಕೆಂದಿದ್ದೇನೆ. ಹೊಸದಲ್ಲ, ಯಾರಾದರೂ ಓಡಿಸಿ ಮಾರುವಂಥದು” ಎಂದನು. ಮೈಸೂರಿನ ತೆಂಕಣ ಅಂಚಿನಲ್ಲಿರುವ ಶ್ರೀರಾಮಪುರದ ನಮ್ಮ ಮನೆಯಿಂದ ಹೆಬ್ಬಾಳದ ಕೈಗಾರಿಕಾ ಪ್ರದೇಶದಲ್ಲಿರುವ ಅವನ ಕಚೇರಿಗೆ ಹೋಗಿಬರುವುದೇ ಅವನ ನಿತ್ಯಯಾತ್ರೆ. ಡರ್ಟ್ ಎಂದರೆ ಮಣ್ಣು, ಕೊಳೆ ಎಂಬಷ್ಟು ಇಂಗ್ಲಿಷು ಸಂಸ್ಕೃತದ ಮೇಷ್ಟರಿಗೂ ಬರುತ್ತದೆ. “ಪೇಟೆಯಲ್ಲಿ ಓಡಾಡುವುದಕ್ಕೆ ಮಣ್ಣಿನ ಬಂಡಿಯೇಕೆ? ಅಡುಗೆಮನೆಗೆ ಗುದ್ದಲಿಯನ್ನು ತಂದಂತಾಗಲಿಲ್ಲವೇ?” ಎಂದು ಕೇಳಿದೆನು. “ನಮ್ಮ ಪೇಟೆಯ ದಾರಿಯನ್ನು ಈಚೆಗೆ ನೋಡಿದ್ದೀರಾ, ಅಪ್ಪ?” ಎಂದು ಅವನು ನಕ್ಕನು. ಒಳಗಿನಿಂದ ಕೇಳಿಬರುತ್ತಿದ್ದ ಪಾತ್ರೆಗಳ ಸದ್ದು ನಿಂತಿತು. “ಏನನ್ನಾದರೂ ಕೊಂಡುಕೊಳ್ಳಿ, ನಾನು ಮಾತ್ರ ಹತ್ತುವುದಿಲ್ಲ” ಎಂದು ನನ್ನಾಕೆ ಅಲ್ಲಿಂದಲೇ ಹೇಳಿದಳು. ೧೯೯೩ನೆಯ ಇಸವಿಯಿಂದ ಆಕೆ ಎರಡು ಚಕ್ರದ ಯಾವ ವಾಹನವನ್ನೂ ಏರಿರಲಿಲ್ಲ. ಅದರ ಕಾರಣವನ್ನು ಮುಂದೆ ಹೇಳುತ್ತೇನೆ.

ವಾದಕ್ಕೆ ಕುಳಿತ ಮೇಲೆ ಪೂರ್ವಪಕ್ಷವನ್ನು ಸರಿಯಾಗಿ ತಿಳಿದುಕೊಳ್ಳುವುದು ಧರ್ಮ. ಮಗನಿಂದಲೂ, ಬೀದಿಯ ತುದಿಯ ಮೆಕ್ಯಾನಿಕ್ಕಿನಿಂದಲೂ ಕೇಳಿ ನಾನು ತಿಳಿದುಕೊಂಡದ್ದು ಇಷ್ಟು. ಜನರು ಡರ್ಟ್ ಬೈಕೆಂದು ಕರೆಯುವ ಬಂಡಿಗಳಲ್ಲಿ ಎರಡು ಜಾತಿಗಳಿವೆ. ಸ್ಪರ್ಧೆಗಾಗಿಯೇ ಮಾಡಿದ ಬಂಡಿ ಒಂದು; ಅದಕ್ಕೆ ದೀಪವಿಲ್ಲ, ಹಾರನ್ನಿಲ್ಲ, ಕನ್ನಡಿಯಿಲ್ಲ. ನಮ್ಮ ದೇಶದಲ್ಲಿ ಅದಕ್ಕೆ ನೋಂದಣಿಯಾಗುವುದಿಲ್ಲವಾದ್ದರಿಂದ ಸಾರ್ವಜನಿಕ ರಸ್ತೆಯಲ್ಲಿ ಅದನ್ನು ನಡೆಸುವಂತಿಲ್ಲ. ಮಣ್ಣಿನ ದಾರಿಗೂ ಡಾಂಬರಿನ ದಾರಿಗೂ ಸಮಾನವಾಗಿ ಒದಗುವ, ನಂಬರು ಪಡೆದ ಬಂಡಿ ಇನ್ನೊಂದು. ಜಪಾನಿನ ಯಮಹಾ ಕಂಪನಿಯವರು ೧೯೬೮ರಲ್ಲಿ ಡಿಟಿ-೧ ಎಂಬ ೨೫೦ ಸಿ.ಸಿ. ಬಂಡಿಯನ್ನು ಅಮೆರಿಕದಲ್ಲಿ ಮಾರಾಟಕ್ಕೆ ಬಿಟ್ಟ ಮೇಲೆ ಈ ಎರಡನೆಯ ಜಾತಿಗೆ ಲೋಕದಲ್ಲಿ ಪ್ರಚಾರ ಬಂದಿತು. ನಮ್ಮಲ್ಲಿ ಹೀರೋ ಕಂಪನಿಯ ಇಂಪಲ್ಸ್ ೨೦೧೧ರಲ್ಲಿ ಬಂದು ಕೆಲವು ವರ್ಷಗಳ ಮೇಲೆ ನಿಂತುಹೋಯಿತು. ಅದೇ ಕಂಪನಿಯ ಎಕ್ಸ್‌ಪಲ್ಸ್ ೨೦೦ ಎಂಬುದು ೨೦೧೯ರಲ್ಲಿ ಬಂದಿತು. ಸಾಧಾರಣ ಗೃಹಸ್ಥನ ಕೈಗೆ ಎಟುಕುವ ಬೆಲೆಯಲ್ಲಿ ಹಳೆಯದಾಗಿ ದೊರೆಯುವುದು ಹೆಚ್ಚಾಗಿ ಈ ಎರಡನೆಯದೇ.

ಮೈಸೂರಿನವರಿಗೆ ಇಂಥ ಮಾತು ತೀರ ಅಪರಿಚಿತವಲ್ಲ. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಿಂದ ೧೯೬೧ರಲ್ಲಿ ಮೋಟಾರು ಸೈಕಲ್ಲುಗಳು ಹೊರಬರಲಾರಂಭಿಸಿ, ೧೯೯೬ರಲ್ಲಿ ಕಾರ್ಖಾನೆ ಮುಚ್ಚುವವರೆಗೂ ಈ ಊರಿನ ಎಷ್ಟೋ ಸಂಸಾರಗಳು ಆ ಬಂಡಿಗಳ ಅನ್ನವನ್ನುಂಡವು. ಕಾರ್ಖಾನೆಯಿಲ್ಲದಿದ್ದರೂ ಹಳೆಯ ಬಂಡಿಯ ಎದೆಗೆ ಕಿವಿಗೊಟ್ಟು ಅದರ ರೋಗವನ್ನು ಹೇಳುವ ವಿದ್ಯೆ ಇಲ್ಲಿ ಇನ್ನೂ ಉಳಿದಿದೆ. ನಮ್ಮ ಬೀದಿಯ ಮೆಕ್ಯಾನಿಕ್ಕು ಆ ಪರಂಪರೆಯ ಶಿಷ್ಯನೊಬ್ಬನ ಶಿಷ್ಯ.

ಮಗನ ವಾದ ಹೀಗಿತ್ತು. ನಮ್ಮ ದಾರಿಯಲ್ಲಿ ಹಳ್ಳಗಳುಂಟು, ಲೆಕ್ಕವಿಲ್ಲದ ಉಬ್ಬುಗಳುಂಟು. ಕೊಳಾಯಿಗೋ ತಂತಿಗೋ ಅಗೆದು ಅರ್ಧ ಮುಚ್ಚಿದ ಕಾಲುವೆಗಳುಂಟು. ಸಾಧಾರಣ ೧೦೦ ಸಿ.ಸಿ. ಬಂಡಿಯ ಹೊಟ್ಟೆ ನೆಲದಿಂದ ಸುಮಾರು ೧೬೫ ಮಿಲಿಮೀಟರು ಮೇಲಿದ್ದರೆ ಎಕ್ಸ್‌ಪಲ್ಸಿನದು ೨೨೦ ಮಿಲಿಮೀಟರು. ಅದರ ಮುಂದಿನ ಚಕ್ರ ೨೧ ಅಂಗುಲದ್ದು. ದೊಡ್ಡ ಚಕ್ರವು ಸಣ್ಣ ಹಳ್ಳಕ್ಕೆ ಬೀಳದೆ ಅದರ ಮೇಲೆ ಹಾಯ್ದುಹೋಗುತ್ತದೆ. ಮುಂದಿನ ಶಾಕ್ ಅಬ್ಸಾರ್ಬರು ೧೯೦ ಮಿಲಿಮೀಟರಿನಷ್ಟು ಕುಗ್ಗಿ ಹಿಗ್ಗುವುದರಿಂದ ಹಳ್ಳದ ಪೆಟ್ಟು ಸವಾರನ ಬೆನ್ನೆಲುಬಿಗೆ ಅಷ್ಟಾಗಿ ತಾಗುವುದಿಲ್ಲ. ನೆಟ್ಟಗೆ ಕುಳಿತುಕೊಳ್ಳುವುದರಿಂದ ಮುಂದಿನ ಕಾರಿನ ನೆತ್ತಿಯ ಮೇಲಿಂದ ದಾರಿಯೂ ಕಾಣುತ್ತದೆ.

ಇವೆಲ್ಲವೂ ದಿಟ. ಆದರೆ ಪ್ರತಿಯೊಂದು ಗುಣವೂ ತನ್ನ ಬೆನ್ನ ಹಿಂದೆ ಒಂದು ದೋಷವನ್ನು ಹೊತ್ತಿರುತ್ತದೆ. ಹೊಟ್ಟೆ ಎತ್ತರವಾದರೆ ಪೀಠವೂ ಎತ್ತರವಾಗಲೇಬೇಕು. ಅದು ೮೨೩ ಮಿಲಿಮೀಟರು. ಪೇಟೆಯಲ್ಲಿ ನೂರು ಹೆಜ್ಜೆಗೊಮ್ಮೆ ನಿಲ್ಲಬೇಕಾಗುತ್ತದೆ. ನಿಂತಾಗ ಕಾಲು ನೆಲಕ್ಕೆ ನೆಮ್ಮದಿಯಾಗಿ ತಾಗದಿದ್ದರೆ, ೧೫೪ ಕಿಲೋಗ್ರಾಮಿನ ಭಾರವು ಒಂದು ಕಡೆಗೆ ವಾಲಿದಾಗ ಹಿಡಿದು ನಿಲ್ಲಿಸುವುದು ಕಷ್ಟ. ಗಂಟುಗಂಟಾದ ಟೈರು ಕೆಸರಿನಲ್ಲಿ ಕಚ್ಚಿ ಹಿಡಿಯುತ್ತದೆ, ನಿಜ; ಆದರೆ ನಯವಾದ ಡಾಂಬರಿಗೆ ಆ ಗಂಟುಗಳ ತುದಿ ಮಾತ್ರ ತಾಗುವುದರಿಂದ ಮಳೆಯಲ್ಲಿ ಹಿಡಿತ ಕಡಮೆ, ನಿಲ್ಲಲು ಬೇಕಾಗುವ ದೂರ ಹೆಚ್ಚು. ಕಡ್ಡಿಗಳಿರುವ ಚಕ್ರದೊಳಗೆ ಟ್ಯೂಬಿರುವುದರಿಂದ ಮೊಳೆ ಚುಚ್ಚಿದರೆ ಚಕ್ರವನ್ನೇ ಬಿಚ್ಚಬೇಕು. ಆದಕಾರಣ ನಾವಿಬ್ಬರೂ ಒಂದು ಒಪ್ಪಂದಕ್ಕೆ ಬಂದೆವು: ಕಾಲು ನೆಲಕ್ಕೆ ತಾಗಬೇಕು, ಟೈರನ್ನು ಬದಲಿಸುವ ಹಣವನ್ನು ಬೆಲೆಯೊಳಗೇ ಲೆಕ್ಕ ಹಿಡಿಯಬೇಕು, ಕಾಗದಪತ್ರಗಳು ನೇರವಾಗಿರಬೇಕು. ಇವು ಮೂರೂ ಕೂಡಿ ಬಂದರೆ ನನ್ನ ಆಕ್ಷೇಪಣೆಯಿಲ್ಲ.

ಅಲ್ಲಿಂದ ಮುಂದೆ ಪರೀಕ್ಷೆಯ ಕಾಲ. ನಮ್ಮ ನೈಯಾಯಿಕರು ವಸ್ತುವನ್ನು ತಿಳಿಯುವುದಕ್ಕೆ ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ ಎಂದು ನಾಲ್ಕು ಪ್ರಮಾಣಗಳನ್ನು ಹೇಳಿದ್ದಾರೆ. ಮೂವತ್ತು ವರ್ಷ ಅವನ್ನು ಕರಿಹಲಗೆಯ ಮೇಲೆ ಬರೆದವನಿಗೆ ಅವು ಗ್ಯಾರೇಜಿನಲ್ಲಿ ಒದಗಿಬಂದಾವೆಂದು ಎಂದೂ ತೋಚಿರಲಿಲ್ಲ. ಮಾರುವವನ ಮಾತು ಶಬ್ದ. ಆದರೆ ಶಬ್ದವು ಪ್ರಮಾಣವಾಗಬೇಕಾದರೆ ಹೇಳುವವನು ಆಪ್ತನಾಗಿರಬೇಕು. ಲಾಭವುಳ್ಳವನ ಮಾತನ್ನು ಆಪ್ತವಾಕ್ಯವೆಂದು ಹಿಡಿಯುವಂತಿಲ್ಲ. ಇತರ ಮೂರರಿಂದ ಅದನ್ನು ತಿಕ್ಕಿ ನೋಡಬೇಕು.

ಮೊದಲನೆಯ ಬಂಡಿ ಕಣ್ಣಿಗೆ ಹಬ್ಬವಾಗಿತ್ತು. ಹೊಳೆಯುವ ಬಣ್ಣ, ಎತ್ತರವಾದ ಮಣ್ಣುಗಾವಲು, ಬೆಲೆಯೂ ಕಡಮೆ. “ಆರ್.ಸಿ. ಎಲ್ಲಿ?” ಎಂದು ಕೇಳಿದಾಗ ಮಾರುವ ಯುವಕನು, “ಇದಕ್ಕೆ ಆರ್.ಸಿ. ಇರುವುದಿಲ್ಲ ಸಾರ್, ಬೆಳಗಿನ ಜಾವದಲ್ಲಿ ಓಡಿಸಿದರೆ ಯಾರೂ ಹಿಡಿಯುವುದಿಲ್ಲ” ಎಂದನು. ಅದು ಸ್ಪರ್ಧೆಯ ಜಾತಿಯದು. ಕಚೇರಿಯ ವೇಳೆಯನ್ನು ಬೆಳಗಿನ ಜಾವಕ್ಕೆ ಬದಲಿಸುವುದು ನಮ್ಮ ಕೈಯಲ್ಲಿರಲಿಲ್ಲವಾಗಿ ನಮಸ್ಕಾರ ಹೇಳಿ ಬಂದೆವು.

ಎರಡನೆಯದಕ್ಕೆ ಪತ್ರಗಳಿದ್ದವು. ನಾವು ಹೋಗುವ ಹೊತ್ತಿಗೆ ಬಂಡಿ ಅಂಗಳದಲ್ಲಿ ನಿಂತಿತ್ತು. ಮಗನು ಮೊದಲು ಅಂಗೈಯನ್ನು ಎಂಜಿನ್ನಿನ ಹತ್ತಿರಕ್ಕೆ ಒಯ್ದನು, ಅದು ಬಿಸಿಯಾಗಿತ್ತು. “ಈಗ ತಾನೇ ಹಾಲು ತಂದೆ” ಎಂದರು ಮಾಲೀಕರು. ತಣ್ಣಗಿರುವ ಎಂಜಿನ್ನನ್ನು ಮೊದಲ ಸಲ ಚಾಲೂ ಮಾಡಿದಾಗಲೇ ಅದರ ನಿಜಸ್ಥಿತಿ ತಿಳಿಯುವುದು. ಬೆಳಗಿನ ಚಳಿಯಲ್ಲಿ ಕ್ಷಣಕಾಲ ಬಿಳಿಯ ಆವಿ ಬಂದರೆ ಚಿಂತೆಯಿಲ್ಲ. ನೀಲಿ ಹೊಗೆ ನಿಲ್ಲದೆ ಬಂದರೆ ಎಣ್ಣೆ ಉರಿಯುತ್ತಿದೆಯೆಂದೂ, ಕರಿಯ ಹೊಗೆಯಾದರೆ ಪೆಟ್ರೋಲು ಮಿತಿಮೀರಿ ಹೋಗುತ್ತಿದೆಯೆಂದೂ ಊಹಿಸಬೇಕು. ಹೊಗೆಯಿಂದ ಬೆಂಕಿಯನ್ನು ಊಹಿಸುವ ಉದಾಹರಣೆಯನ್ನು ನಾನು ಎಷ್ಟು ತರಗತಿಗಳಿಗೆ ಹೇಳಿದ್ದೆನೋ! ಹೊಗೆಯ ಬಣ್ಣದಿಂದ ರೋಗವನ್ನು ಊಹಿಸುವುದನ್ನು ಮಗನು ನನಗೆ ಹೇಳಿಕೊಟ್ಟನು.

ಮುಂದಿನ ಫೋರ್ಕಿನ ಕೊಳವೆಯ ಮೇಲೆ ಎಣ್ಣೆಯ ಉಂಗುರವೊಂದು ಮೂಡಿತ್ತು. ಒಳಗಿನ ಸೀಲು ಹರಿದಿದೆಯೆಂದು ಅದರ ಅರ್ಥ. ಹಿಂದಿನ ಚಕ್ರದ ಸ್ಪ್ರಾಕೆಟ್ಟಿನ ಹಲ್ಲುಗಳು ಒಂದು ಕಡೆಗೆ ಕೊಕ್ಕೆಯಂತೆ ಬಾಗಿದ್ದವು. ಚೈನನ್ನು ಹಿಂದಕ್ಕೆ ಎಳೆದಾಗ ಅರ್ಧ ಹಲ್ಲು ಹೊರಗೆ ಕಾಣುತ್ತಿತ್ತು. ಇವು ಹಣದಿಂದ ತೀರುವ ದೋಷಗಳು, ಬೆಲೆಯಲ್ಲಿ ತಗ್ಗಿಸಿಕೊಂಡರಾಯಿತು. ಆದರೆ ಹ್ಯಾಂಡಲಿನ ಕೆಳಗೆ, ಚೌಕಟ್ಟಿನ ಕೊರಳಿನಲ್ಲಿ, ಅಂಗೈಯಗಲದ ಒಂದು ಜಾಗದಲ್ಲಿ ಮಾತ್ರ ಕಪ್ಪು ಬಣ್ಣ ಹೊಸದಾಗಿತ್ತು. ನನ್ನ ಕನ್ನಡಕದ ಕಣ್ಣಿಗೂ ಅದು ಬಿದ್ದಿತು. ಬೆರಳಿಟ್ಟು ಸವರಿದೆನು. ಬಣ್ಣದ ಅಡಿಯಲ್ಲಿ ಬೆಸುಗೆಯ ಗೆರೆ ಇರುವೆಸಾಲಿನಂತೆ ಬೆರಳಿಗೆ ಸಿಕ್ಕಿತು.

ಬೆರಳು ಅಲ್ಲಿಯೇ ನಿಂತಿತು. ಅದೇ ಸ್ಪರ್ಶವನ್ನು ನಾನು ಹಿಂದೊಮ್ಮೆ ಅರಿತಿದ್ದೆನು.

ಮಾಲೀಕರಿಗೆ ಒಂದು ನೆಪ ಹೇಳಿ ಹೊರಗೆ ಬಂದು, ಬೀದಿಯ ಹೊಂಗೆಮರದ ನೆರಳಿನಲ್ಲಿ ಮಗನನ್ನು ನಿಲ್ಲಿಸಿ, ಮೂವತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ಯಾರಿಗೂ ಹೇಳದಿದ್ದುದನ್ನು ಹೇಳಿದೆನು. ೧೯೯೩ರಲ್ಲಿ ನಾನೊಂದು ಹಳೆಯ ಸ್ಕೂಟರನ್ನು ಕೊಂಡೆ. ಕೊಳ್ಳುವ ಮೊದಲು ತೋರಿಸಿದಾಗ ಒಬ್ಬ ಮೆಕ್ಯಾನಿಕ್ಕು ಅದರ ಮುಂದಿನ ಫೋರ್ಕನ್ನು ಸವರಿ, ನನ್ನ ಬೆರಳನ್ನೂ ಅಲ್ಲಿಗೆ ಒಯ್ದು, “ಸ್ವಾಮಿ, ಇದು ಒಂದು ಸಲ ಮುರಿದು ಬೆಸುಗೆ ಕಂಡಿದೆ, ಹೊಸದು ಹಾಕಿಸಿಕೊಳ್ಳಿ” ಎಂದು ಎಚ್ಚರಿಸಿದ್ದನು. ಹೊಸದಕ್ಕೆ ಆರುನೂರು ರೂಪಾಯಿ. ಮುಂದಿನ ತಿಂಗಳು ನೋಡೋಣವೆಂದುಕೊಂಡೆನು. ಆ ಮುಂದಿನ ತಿಂಗಳು ಬರುವಷ್ಟರಲ್ಲಿ, ನಂಜನಗೂಡಿನ ದೇವರ ದರ್ಶನ ಮಾಡಿಕೊಂಡು ಹಿಂದಿರುಗುವಾಗ ಬ್ರೇಕು ಹಿಡಿದ ಒಂದು ಕ್ಷಣದಲ್ಲಿ ಸ್ಕೂಟರು ಎಡಕ್ಕೆ ಎಳೆದು ಇಬ್ಬರನ್ನೂ ಕೆಡವಿತು. ನನಗೆ ಮೊಣಕಾಲು ತರಚಿತು. ಹಿಂದೆ ಕುಳಿತಿದ್ದ ನನ್ನಾಕೆಯ ಎಡಗೈ ಮಣಿಕಟ್ಟು ಮುರಿಯಿತು. ಮೂಳೆ ಕೂಡಿಕೊಂಡಿತಾದರೂ ಕೈ ಪೂರ್ತಿಯಾಗಿ ತಿರುಗಲಿಲ್ಲ. ಇಂದಿಗೂ ಆಕೆ ರುಬ್ಬಿದ ಹಿಟ್ಟಿನ ಪಾತ್ರೆಯನ್ನು ಬಲಗೈಯಿಂದಲೇ ಎತ್ತುತ್ತಾಳೆ. ರಸ್ತೆಯಲ್ಲಿ ಮರಳಿತ್ತೆಂದು ನಾನು ಎಲ್ಲರಿಗೂ ಹೇಳಿದೆನು. ಎಲ್ಲರೂ ನಂಬಿದರು. ಆಪ್ತವಾಕ್ಯವಲ್ಲವೇ!

ಮಗನು ಸುಮ್ಮನೆ ಕೇಳಿ, ಸ್ವಲ್ಪ ಹೊತ್ತಿನ ಮೇಲೆ, “ಅಮ್ಮನಿಗೆ ಹೇಳಬೇಕು, ಅಪ್ಪ” ಎಂದನು.

ಆ ರಾತ್ರಿ ಊಟವಾದ ಮೇಲೆ ಹೇಳಿದೆನು. ಆಕೆ ಎಲೆಯಡಿಕೆಯ ತಟ್ಟೆಯನ್ನು ಮುಂದಿಟ್ಟುಕೊಂಡು ಕುಳಿತಿದ್ದಳು. ಕೊನೆಯವರೆಗೂ ಕೇಳಿ, “ಆಗ ಎಷ್ಟು ಉಳಿಯಿತು?” ಎಂದಳು. “ಆರುನೂರು ರೂಪಾಯಿ” ಎಂದೆನು. ಮುಂದೆ ಮಾತಾಡಲಿಲ್ಲ, ತಟ್ಟೆಯನ್ನು ಮುಚ್ಚಿಟ್ಟು ಒಳಗೆ ಹೋದಳು. ನನಗೆ ನಿದ್ರೆ ಬರಲಿಲ್ಲ. ಬೆಳಗ್ಗೆ ಕಾಫಿಯನ್ನು ತಂದಿಟ್ಟು, “ಇನ್ನೊಂದನ್ನು ನೋಡುವುದಕ್ಕೆ ಹೋಗುತ್ತೀರಂತೆ. ಈ ಸಲ ನಾನೂ ಬರುತ್ತೇನೆ” ಎಂದಳು.

ಮೂರನೆಯ ಬಂಡಿ ಹುಣಸೂರಿನಿಂದಾಚೆ ಒಂದು ಹಳ್ಳಿಯಲ್ಲಿತ್ತು. ಮಾಲೀಕರು ಹೊಗೆಸೊಪ್ಪಿನ ಬೆಳೆಗಾರರು. ೨೦೨೦ರಲ್ಲಿ ಕೊಂಡ ಎಕ್ಸ್‌ಪಲ್ಸ್, ಮೂವತ್ತೊಂದು ಸಾವಿರ ಕಿಲೋಮೀಟರು ಓಡಿತ್ತು. ನಾವು ಬರುವವರೆಗೆ ಚಾಲೂ ಮಾಡಬಾರದೆಂದು ಮಗನು ಮೊದಲೇ ಫೋನಿನಲ್ಲಿ ಕೇಳಿಕೊಂಡಿದ್ದನು. ಮೂವರೂ ಬಸ್ಸಿನಲ್ಲಿ ಹೋದೆವು. ಬಂಡಿಗೆ ಅಂದವೇನೂ ಇರಲಿಲ್ಲ: ಟ್ಯಾಂಕಿನ ಮೇಲೆ ಗೀರುಗಳು, ಎಂಜಿನ್ನಿನ ಕೆಳಗಿನ ರಕ್ಷಾಫಲಕದ ಮೇಲೆ ಕಲ್ಲು ತಾಗಿದ ಗುಳಿಗಳು. ಆದರೆ ಎಂಜಿನ್ನು ತಣ್ಣಗಿತ್ತು, ಮೊದಲ ಸಲಕ್ಕೇ ಚಾಲೂ ಆಯಿತು, ಹೊಗೆಗೆ ಬಣ್ಣವಿರಲಿಲ್ಲ. ಮುಂದಿನ ಚಕ್ರವನ್ನು ನೆಲದಿಂದ ಎತ್ತಿಸಿ ಹ್ಯಾಂಡಲನ್ನು ತಿರುಗಿಸಿದಾಗ ನಡುವೆ ಎಲ್ಲಿಯೂ ತಡೆಯಿಲ್ಲದೆ ನುಣ್ಣಗೆ ತಿರುಗಿತು. ಮಗನು ಬೀಗದ ಕೈಯಿಂದ ಚಕ್ರದ ಕಡ್ಡಿಗಳನ್ನು ಒಂದೊಂದಾಗಿ ಮೀಟಿದನು. ಬಿಗಿಯಾದ ಕಡ್ಡಿ ತಂಬೂರಿಯಂತೆ ನುಡಿಯುತ್ತದೆ, ಸಡಿಲವಾದುದು ಮಂಕಾಗಿ ಕೇಳುತ್ತದೆ. ಎರಡು ಕಡ್ಡಿಗಳು ಮಾತ್ರ ಅಪಶ್ರುತಿಯಾದವು. ಹಿಂದಿನ ಟೈರಿನ ಮಗ್ಗುಲಲ್ಲಿ ನಾಲ್ಕು ಅಂಕಿಗಳ ಗುರುತಿರುತ್ತದೆ. ಮೊದಲೆರಡು ವಾರವನ್ನೂ ಕೊನೆಯೆರಡು ವರ್ಷವನ್ನೂ ಹೇಳುತ್ತವೆ. ಅಲ್ಲಿ ೨೩೨೦ ಎಂದಿತ್ತು. ಎಂದರೆ ೨೦೨೦ರ ಇಪ್ಪತ್ತಮೂರನೆಯ ವಾರ. ಬಂಡಿಯ ಜೊತೆ ಬಂದ ಟೈರೇ ಅದು, ಬದಲಿಸತಕ್ಕದ್ದು. ಕಾಲ್ಮೆಟ್ಟಿನ ರಬ್ಬರು ಸವೆದಿದ್ದುದು ಓಡಿದ ದೂರಕ್ಕೆ ಸರಿಹೊಂದುವಂತಿತ್ತು. ದೂರ ತೋರಿಸುವ ಯಂತ್ರವನ್ನು ತಿದ್ದುವವರು ಕಾಲ್ಮೆಟ್ಟನ್ನು ತಿದ್ದಲು ಮರೆಯುತ್ತಾರೆಂದು ನಮ್ಮ ಮೆಕ್ಯಾನಿಕ್ಕು ಹೇಳಿಕಳಿಸಿದ್ದನು.

ಚೌಕಟ್ಟಿನ ಕೊರಳನ್ನು ನಾನೇ ಸವರಿ ನೋಡಿದೆನು. ಅಲ್ಲಿ ಕೊರೆದಿದ್ದ ಷಾಸಿ ನಂಬರನ್ನು ಆರ್.ಸಿ.ಯ ನಂಬರಿನೊಡನೆ ಅಕ್ಷರಶಃ ಓದಿ ಸರಿನೋಡಿದೆನು. ಮಗನು ಕುಳಿತು ನೋಡಿದನು. ಪೀಠವು ಸವಾರನ ಭಾರಕ್ಕೆ ಸ್ವಲ್ಪ ಕುಗ್ಗುವುದರಿಂದ ಅವನ ಎರಡು ಪಾದಗಳ ಮುಂಭಾಗವೂ ನೆಲಕ್ಕೆ ತಾಗಿದವು.

ಇಷ್ಟೆಲ್ಲ ಆಗುವವರೆಗೂ ನನ್ನಾಕೆ ಜಗಲಿಯ ಮೇಲೆ ಮನೆಯೊಡತಿಯ ಜೊತೆ ಮಾತಾಡುತ್ತ ಕುಳಿತಿದ್ದಳು. ಆಗ ಎದ್ದುಬಂದು, ಬಂಡಿಯನ್ನು ಒಂದು ಸುತ್ತು ಬಂದು, ಹಿಂದಿನ ಚಕ್ರದ ಎಡಭಾಗದಲ್ಲಿ ನಿಂತು, “ಸೀರೆ ಸಿಕ್ಕಿಕೊಳ್ಳದ ಹಾಗೆ ಇಲ್ಲೊಂದು ಕಂಬಿ ಇರಬೇಕಲ್ಲ, ಎಲ್ಲಿ?” ಎಂದು ಕೇಳಿದಳು.

ನಾವಿಬ್ಬರು ಪಂಡಿತರೂ ಒಬ್ಬರ ಮುಖವನ್ನೊಬ್ಬರು ನೋಡಿಕೊಂಡೆವು. ಸ್ಯಾರಿ ಗಾರ್ಡು ಎಂಬ ಆ ಕಾವಲು ಅಲಂಕಾರವಲ್ಲ. ಹಿಂದೆ ಕೂರುವವರಿಗೆ ಕೈಹಿಡಿಯೂ ಕಾಲ್ಮೆಟ್ಟೂ, ಹಿಂದಿನ ಚಕ್ರದ ಅರ್ಧಕ್ಕೆ ಕಡಮೆಯಿಲ್ಲದಷ್ಟು ಭಾಗಕ್ಕೆ ಬಟ್ಟೆ ಸಿಕ್ಕದಂತೆ ಕಾವಲೂ ಇರಬೇಕೆಂದು ೧೯೮೯ರ ಕೇಂದ್ರ ಮೋಟಾರು ವಾಹನ ನಿಯಮಗಳೇ ವಿಧಿಸಿವೆ. ಇಂಥ ಬಂಡಿಗಳನ್ನು ಕೊಳ್ಳುವವರು ಅದನ್ನು ಬಿಚ್ಚಿ ಬಿಸಾಡುವುದು ಸಾಮಾನ್ಯ. ಕೊರಳನ್ನೂ ಕಡ್ಡಿಯನ್ನೂ ನೋಡಿದ ನಾವು, ಹಿಂದೆ ಒಬ್ಬರು ಕುಳಿತುಕೊಳ್ಳುತ್ತಾರೆಂಬುದನ್ನು ಮರೆತಿದ್ದೆವು.

“ಹೊಲದ ದಾರೀಲಿ ಕೆಸರು ಮೆತ್ಕೊಳ್ತಿತ್ತು ಕಣವ್ವ, ಅದಕ್ಕೇ ಬಿಚ್ಚಿಟ್ಟೆ” ಎಂದು ಬೆಳೆಗಾರರು ಒಳಗೆ ಹೋದರು. ಅಟ್ಟದ ಮೇಲೆ ಏನೋ ಸರಿದಾಡಿದ ಸದ್ದಾಯಿತು. ಹಳೆಯ ವೃತ್ತಪತ್ರಿಕೆಯಲ್ಲಿ ಸುತ್ತಿ ಹುರಿಯಿಂದ ಕಟ್ಟಿದ್ದ ಕಾವಲನ್ನು ತಂದು ಆಕೆಯ ಮುಂದಿಟ್ಟರು. ಅದರ ಜೊತೆಗೆ ಒಂದು ಪುಟ್ಟ ಡಬ್ಬಿ. ಡಬ್ಬಿಯೊಳಗೆ ಎಣ್ಣೆ ಸವರಿಟ್ಟಿದ್ದ ಅದರ ಬೋಲ್ಟುಗಳು, ವಾಷರುಗಳು ಸಮೇತ.

ಅಷ್ಟು ಹೊತ್ತು ಪ್ರತ್ಯಕ್ಷದಿಂದ ನಾವು ತಿಳಿದದ್ದಕ್ಕಿಂತ ಹೆಚ್ಚನ್ನು ಆ ಡಬ್ಬಿ ತಿಳಿಸಿತು. ಬೇಡವೆಂದು ಬಿಚ್ಚಿದ ಭಾಗದ ಬೋಲ್ಟುಗಳಿಗೆ ಎಣ್ಣೆ ಸವರಿ ಕಾದಿಟ್ಟವನು ಎಂಜಿನ್ನಿಗೆ ಎಣ್ಣೆಯನ್ನು ತಪ್ಪಿಸಿರಲಾರನು. “ಕೊಳ್ಳೋಣ” ಎಂದು ಮೊದಲು ಹೇಳಿದವಳು ನನ್ನಾಕೆಯೇ.

ಗೃಹಸ್ಥರಾದ ವಾಚಕರಿಗೆ ಉಪಯೋಗವಾದೀತೆಂದು ಕಾಗದಪತ್ರಗಳ ವಿಷಯವನ್ನೂ ಹೇಳಿಬಿಡುತ್ತೇನೆ. ಹಣ ಕೊಟ್ಟು ಬಂಡಿಯನ್ನು ಮನೆಗೆ ತಂದೊಡನೆ ಅದು ನಮ್ಮದಾಗುವುದಿಲ್ಲ. ೨೯ ಮತ್ತು ೩೦ನೆಯ ನಮೂನೆಗಳಿಗೆ ರುಜುವಾಗಿ ಆರ್.ಟಿ.ಓ. ಕಚೇರಿಗೆ ಸೇರಬೇಕು; ರಾಜ್ಯದೊಳಗಿನ ವರ್ಗಾವಣೆಯಾದರೆ ಮಾರಿದವನು ಹದಿನಾಲ್ಕು ದಿನದೊಳಗೂ ಕೊಂಡವನು ಮೂವತ್ತು ದಿನದೊಳಗೂ ತಿಳಿಸಬೇಕೆಂದು ೧೯೮೮ರ ಕಾಯಿದೆ ಹೇಳುತ್ತದೆ. ಬಂಡಿಯ ಮೇಲೆ ಸಾಲವಿದ್ದು ತೀರಿದ್ದರೆ ಸಾಲ ಕೊಟ್ಟವರ ರುಜುವಿರುವ ೩೫ನೆಯ ನಮೂನೆ ಬೇಕು. ವಿಮೆಯನ್ನೂ ಕೊಂಡವನ ಹೆಸರಿಗೆ ಬರೆಸಿಕೊಳ್ಳಬೇಕು. ಬೇರೆ ರಾಜ್ಯದ ಬಂಡಿಯಾದರೆ ಎನ್.ಓ.ಸಿ.ಯ ತೊಡಕೂ ಇಲ್ಲಿಯ ತೆರಿಗೆಯ ಹೊರೆಯೂ ಸೇರಿಕೊಳ್ಳುವುದರಿಂದ, ಕಡಮೆ ಬೆಲೆಗೆ ಮರುಳಾಗುವ ಮೊದಲು ಅವನ್ನು ಲೆಕ್ಕಹಾಕಬೇಕು. ಹೆಸರು ಬದಲಾಗದಿದ್ದರೆ ನಾಳೆ ನಡೆಯುವ ಅಪಘಾತದ ಹೊಣೆ ಹಳೆಯ ಮಾಲೀಕನ ತಲೆಗೆ ಸುತ್ತಿಕೊಳ್ಳುತ್ತದೆ. ಬೋಲ್ಟುಗಳನ್ನು ಕಾದಿಟ್ಟವರಿಗೆ ನಾವು ಮಾಡತಕ್ಕ ಪ್ರತ್ಯುಪಕಾರ ಅದಲ್ಲ.

ಬಂಡಿ ಮನೆಗೆ ಬಂದ ವಾರದಲ್ಲಿ ಎರಡು ಟೈರುಗಳನ್ನೂ ಬದಲಿಸಿ, ಗಂಟುಗಳು ತಗ್ಗಾಗಿ ಒತ್ತಾಗಿ ಇರುವಂಥ, ಡಾಂಬರಿಗೆ ಹೊಂದುವ ಟೈರುಗಳನ್ನು ಹಾಕಿಸಿದೆವು. ಅಪಶ್ರುತಿಯ ಕಡ್ಡಿಗಳು ಶ್ರುತಿಗೊಂಡವು. ಕಾವಲನ್ನು ಅದೇ ಬೋಲ್ಟುಗಳಿಂದ ಮಗನು ನನ್ನೆದುರಿಗೇ ಬಿಗಿದನು. ತಿಂಗಳು ತುಂಬುವಷ್ಟರಲ್ಲಿ ಅವನ ಹೆಸರಿನ ಆರ್.ಸಿ. ಬಂದಿತು. ದಿನವೂ ಬೆಳಗ್ಗೆ ಅವನು ಹೊರಡುವಾಗ ನನ್ನಾಕೆ ಬಾಗಿಲವರೆಗೆ ಬಂದು ನೋಡುತ್ತಿದ್ದಳು. ಹತ್ತೆಂದು ನಾವು ಹೇಳಲಿಲ್ಲ.

ಕಾರ್ತಿಕದ ಒಂದು ಸಂಜೆ ತರಕಾರಿಯ ಚೀಲ ಹಿಡಿದು ಹೊರಬಂದವಳು, ಮಗನು ಬಂಡಿಯನ್ನು ಒಳಗೆ ನಿಲ್ಲಿಸುವುದನ್ನು ಕಂಡು, “ತಿರುಗಿಸು, ಅಂಗಡಿಯವರೆಗೆ ಹೋಗಿಬರೋಣ” ಎಂದಳು. ಅವನು ಎರಡನೆಯ ಹೆಲ್ಮೆಟ್ಟನ್ನು ತಂದು ಕೊಟ್ಟನು. ಪಟ್ಟಿಯನ್ನು ನಾನು ಕಟ್ಟಿದೆನು. ಮಗನ ಹೆಗಲ ಮೇಲೆ ಬಲಗೈಯಿಟ್ಟು, ಕಾಲ್ಮೆಟ್ಟಿನ ಮೇಲೆ ಪಾದವೂರಿ, ಒಂದು ಸಲ ತಡೆದು, ಮೇಲೇರಿ ಕುಳಿತಳು. “ಎತ್ತರವಾಯಿತು” ಎಂದಳು.

ಇಳಿಯಲಿಲ್ಲ. ಬಂಡಿ ಮೆಲ್ಲನೆ ಬೀದಿಯ ತಿರುವನ್ನು ದಾಟುವವರೆಗೆ ನಾನು ಗೇಟಿನ ಹತ್ತಿರ ನಿಂತು ನೋಡುತ್ತಿದ್ದೆನು.